ಕಿಮ್ ವಿಲ್ಫೋರ್ಟ್ ಮತ್ತು ತೊಂಬತ್ತೆರಡರ ಬೇಸಿಗೆ

ನಾಲ್ಕು ವರ್ಷಕ್ಕೊಮ್ಮೆ ಯೂರೋ ಕಪ್ ಬಂತೆಂದರೆ ಪೇಪರ್‌ಗಳಲ್ಲಿ ಒಂದು ಕತೆ ತಪ್ಪದೆ ಬರುತ್ತೆ. 1992ರಲ್ಲಿ ಡೆನ್ಮಾರ್ಕ್ ತಂಡ ಅರ್ಹತೆಯನ್ನೇ ಪಡೆದಿರಲಿಲ್ಲವಂತೆ, ಆಟಗಾರರೆಲ್ಲ ಸಮುದ್ರದ ದಂಡೆಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಬಿದ್ದಿದ್ದರಂತೆ, ಫೋನ್ ಬಂತಂತೆ, ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು ಹೋಗಿ ಕಪ್ ಗೆದ್ದು ಬಂದರಂತೆ. ನಮ್ಮಲ್ಲಿ ಎಂಬತ್ಮೂರರ ಕಪಿಲ್ ದೇವ್ ಕತೆ ಹೇಳ್ತಾರಲ್ಲ, ಹಾಗೆ. ಹೇಳುವವರಿಗೂ ಖುಷಿ, ಕೇಳುವವರಿಗೂ ಖುಷಿ.

ಕತೆ ಚೆನ್ನಾಗಿದೆ, ಆದರೆ ಪೂರ್ತಿ ನಿಜ ಅಲ್ಲ. ಆ ತಂಡದಲ್ಲಿ ಮಧ್ಯ ಮೈದಾನದಲ್ಲಿ ಆಡುತ್ತಿದ್ದ ಕಿಮ್ ವಿಲ್ಫೋರ್ಟ್ ಎಂಬುವನಿಗಂತೂ ಆ ಬೇಸಿಗೆ ರಜೆಯ ಹತ್ತಿರಕ್ಕೂ ಬರುವಂಥದ್ದಾಗಿರಲಿಲ್ಲ. ಫುಟ್‌ಬಾಲ್ ಇತಿಹಾಸ ಓದೋ ಹುಚ್ಚು ಇರುವ ನನಗೆ, ಶ್ಮೈಕೆಲ್, ಲೌಡ್ರುಪ್ ಹೆಸರು ಗೊತ್ತಿರುವ ಗೆಳೆಯರಿಗೂ ಇವನ ಹೆಸರು ಗೊತ್ತಿಲ್ಲದ್ದು ನೋಡಿ ಬೇಜಾರಾಗುತ್ತೆ. ಅದಕ್ಕೇ ಈ ಬರಹ.

ವಿಲ್ಫೋರ್ಟ್ ಹುಟ್ಟಿದ್ದು 1962ರ ನವೆಂಬರ್ 15ರಂದು, ಕೋಪನ್‌ಹೇಗನ್ನಿನ ವಾಲ್ಬಿಯಲ್ಲಿ. ದೊಡ್ಡ ಮಟ್ಟದ ಆಟ ಶುರುವಾದದ್ದು ಫ್ರೆಮ್ ಕ್ಲಬ್ಬಿನಲ್ಲಿ. ಅದು 1886ರ ಹಳೇ ಕ್ಲಬ್ಬು, ಕೂಲಿಕಾರರ ಪ್ರದೇಶದ ಕ್ಲಬ್ಬು ಅಂತ ಹೆಸರು. ಅಲ್ಲಿಂದ 1985ರಲ್ಲಿ ಫ್ರಾನ್ಸಿನ ಲೀಲ್ ಕ್ಲಬ್ಬಿಗೆ ಹೋದ. ಒಂದೇ ಸೀಸನ್ನಿಗೆ ವಾಪಸ್ ಬಂದ. ಹೊರದೇಶದಲ್ಲಿ ಆಡಿದ್ದು ಅಷ್ಟೇ.

ಇಲ್ಲೊಂದು ಹಿನ್ನೆಲೆ ಹೇಳಲೇಬೇಕು. ಡೆನ್ಮಾರ್ಕಿನಲ್ಲಿ ದುಡ್ಡು ತಗೊಂಡು ಫುಟ್‌ಬಾಲ್ ಆಡುವುದಕ್ಕೆ ಅವಕಾಶ ಸಿಕ್ಕಿದ್ದೇ 1978ರಲ್ಲಿ. ಅಲ್ಲೀವರೆಗೂ ಎಲ್ಲ ಹವ್ಯಾಸಿಗಳೇ. ಹೊಟ್ಟೆಪಾಡಿಗೆ ಆಡಬೇಕು ಅಂದರೆ ಹಾಲೆಂಡ್, ಬೆಲ್ಜಿಯಂ, ಜರ್ಮನಿ ಕಡೆ ಹೋಗಬೇಕು. 1984ರ ಯೂರೋ ಸೆಮಿಫೈನಲ್, 1986ರ ವಿಶ್ವಕಪ್ ಆಡಿದ 'ಡ್ಯಾನಿಷ್ ಡೈನಮೈಟ್' ತಂಡದಲ್ಲಿ ಹೆಚ್ಚಿನವರು ಹಾಗೆ ಹೊರಗೆ ಹೋಗಿ ಬೆಳೆದವರು. ಮೈಕೆಲ್ ಲೌಡ್ರುಪ್, ಎಲ್ಕ್ಯಾರ್, ಲರ್ಬಿ, ಆರ್ನೆಸೆನ್... ನೋಡೋಕೆ ಹಬ್ಬ. ಉರುಗ್ವೆಗೆ 6-1, ಪಶ್ಚಿಮ ಜರ್ಮನಿಗೆ 2-0. ಆಮೇಲೆ ಸ್ಪೇನ್ ಕೈಲಿ 5-1ರಿಂದ ಸೋತು ಮನೆಗೆ! ಗೆದ್ದದ್ದು ಏನೂ ಇಲ್ಲ. ವಿಲ್ಫೋರ್ಟ್ 1983ರಲ್ಲೇ ದೇಶಕ್ಕೆ ಆಡಿದ್ದರೂ ಆ ಎರಡೂ ಟೂರ್ನಿಗಳ ತಂಡದಲ್ಲಿ ಅವನಿಗೆ ಜಾಗ ಸಿಗಲಿಲ್ಲ. ಆ ಕಲಾವಿದರ ಗುಂಪಿನಲ್ಲಿ ಇವನಂಥ ಉದ್ದ ಕಾಲಿನ, ದಿನವಿಡೀ ಓಡುವ, ಹೆಡ್ ಮಾಡುವ, ಅಡ್ಡ ಹೋಗಿ ಚೆಂಡು ಕಸಿಯುವ ಮನುಷ್ಯನಿಗೆ ಎಲ್ಲಿ ಜಾಗ ಬಿಡಿ.

1986ರಲ್ಲಿ ಬ್ರೋಂಡ್ಬಿ ಸೇರಿದ. ಸೇರಿದವನು ನಿವೃತ್ತಿ ಆಗೋವರೆಗೂ ಅಲ್ಲೇ ಇದ್ದ, ಹನ್ನೆರಡು ವರ್ಷ. ಕೋಪನ್‌ಹೇಗನ್ ಹೊರವಲಯದ ಈ ಕ್ಲಬ್ಬು ಆಗ ಡೆನ್ಮಾರ್ಕಿನಲ್ಲಿ ವೃತ್ತಿಪರತೆಯನ್ನ ಗಂಭೀರವಾಗಿ ತಗೊಂಡ ಮೊದಲ ಕ್ಲಬ್ಬುಗಳಲ್ಲೊಂದು, 1987ರಲ್ಲಿ ಷೇರು ಮಾರುಕಟ್ಟೆಗೂ ಹೋಯಿತು. ಆ ವರ್ಷಗಳಲ್ಲಿ ಅಲ್ಲಿ ಆಡಿದವರನ್ನ ನೋಡಿ: ಪೀಟರ್ ಶ್ಮೈಕೆಲ್, ಲಾರ್ಸ್ ಓಲ್ಸೆನ್, ಬ್ರಯಾನ್ ಲೌಡ್ರುಪ್, ಜಾನ್ ಯೆನ್ಸೆನ್, ಕಿಮ್ ಕ್ರಿಸ್ಟೋಫ್ಟೆ. 1992ರ ಫೈನಲ್ ಆಡಿದ ತಂಡದ ಬೆನ್ನೆಲುಬು ಇಲ್ಲೇ ಇದೆ. 1991ರಲ್ಲಿ ಈ ಕ್ಲಬ್ಬು ಯುಇಎಫ್‌ಎ ಕಪ್ ಸೆಮಿಫೈನಲ್ ತನಕ ಹೋಗಿ, ರೋಮ್‌ನಲ್ಲಿ ಕೊನೇ ನಿಮಿಷಗಳಲ್ಲಿ ರೂಡಿ ಫೊಲ್ಲರ್ ಹೊಡೆದ ಗೋಲಿನಿಂದ ಸೋತಿತು. ವಿಲ್ಫೋರ್ಟ್‌ಗೆ ಆ ವರ್ಷದ ಡೆನ್ಮಾರ್ಕ್ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಂತು. ಅಂದರೆ ಒಂದು ವರ್ಷದ ನಂತರ ಸ್ವೀಡನ್ನಿಗೆ ಹೋದವರು ಎಲ್ಲಿಂದಲೋ ಗುಡಿಸಿ ತಂದ ಜನ ಅಲ್ಲ. ಯುರೋಪಿನ ಕಪ್ ಒಂದರ ಫೈನಲ್ಲಿಗೆ ಕೂದಲೆಳೆಯಲ್ಲಿ ತಪ್ಪಿಸಿಕೊಂಡವರು, ವರ್ಷಗಟ್ಟಲೆ ಒಟ್ಟಿಗೆ ಆಡಿದವರು ಅವರಲ್ಲಿದ್ದರು. ಈ ಮಾತನ್ನ ಬೀಚ್ ಕತೆ ಹೇಳುವವರು ಹೇಳೋದೇ ಇಲ್ಲ.

ಅರ್ಹತಾ ಸುತ್ತಿನಲ್ಲೂ ಅಷ್ಟೇ. 1990ರ ನವೆಂಬರಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಯುಗೋಸ್ಲಾವಿಯ 2-0ಯಿಂದ ಗೆದ್ದಿತು. ಅದಾದ ಮೇಲೆ ಲೌಡ್ರುಪ್ ಅಣ್ಣತಮ್ಮಂದಿರು ಕೋಚ್ ರಿಚರ್ಡ್ ಮೋಲರ್ ನೀಲ್ಸೆನ್ ಆಡಿಸುವ ರೀತಿ ಸರಿಯಿಲ್ಲ ಅಂತ ತಂಡ ಬಿಟ್ಟರು. ಬ್ರಯಾನ್ ಆಮೇಲೆ ವಾಪಸ್ ಬಂದ, ಮೈಕೆಲ್ ಬರಲಿಲ್ಲ. ಆದರೂ ಡೆನ್ಮಾರ್ಕ್ ಬೆಲ್‌ಗ್ರೇಡಿಗೆ ಹೋಗಿ 2-1ರಿಂದ ಗೆದ್ದು, ಕಡೆಗೆ ಗುಂಪಿನಲ್ಲಿ ಯುಗೋಸ್ಲಾವಿಯಕ್ಕಿಂತ ಒಂದೇ ಒಂದು ಪಾಯಿಂಟ್ ಹಿಂದೆ ಉಳಿಯಿತು. ಆಗ ಯೂರೋದಲ್ಲಿ ಎಂಟೇ ತಂಡಗಳು, ಗುಂಪಿನ ಮೊದಲನೆಯವರಿಗೆ ಮಾತ್ರ ಟಿಕೆಟ್ಟು.

ಯುಗೋಸ್ಲಾವಿಯದ ಕಡೆ ನೋಡಿದರೆ ಈ ಕತೆಯಲ್ಲಿ ನಗೋಕೆ ಏನೂ ಇಲ್ಲ. ದೇಶ ಒಡೆದು ಚೂರಾಗುತ್ತಿತ್ತು. ಕ್ರೊಯೇಷಿಯದ ಆಟಗಾರರು ಆಗಲೇ ತಂಡ ಬಿಟ್ಟಿದ್ದರು. 1992ರ ಏಪ್ರಿಲ್‌ನಲ್ಲಿ ಸರಾಯೆವೊ ಮುತ್ತಿಗೆ ಶುರುವಾಯಿತು. ತಂಡದ ಕೋಚ್ ಇವಿತ್ಸಾ ಓಸಿಮ್ ಸರಾಯೆವೊದವನೇ. ತನ್ನ ಊರಿನ ಮೇಲೆ ಶೆಲ್ ಬೀಳುತ್ತಿರುವಾಗ ನಾನು ಈ ತಂಡ ನಡೆಸೋಕಾಗಲ್ಲ ಅಂತ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟ. ಅವನ ಹೆಂಡತಿ, ಮಗಳು ಆ ಮುತ್ತಿಗೆಯ ಒಳಗೇ ಸಿಕ್ಕಿಕೊಂಡಿದ್ದರು. ಮೇ 30ಕ್ಕೆ ವಿಶ್ವಸಂಸ್ಥೆ ಭದ್ರತಾ ಮಂಡಳಿ ದಿಗ್ಬಂಧನದ ನಿರ್ಣಯ ಮಾಡಿತು, ಅದರಲ್ಲಿ ಕ್ರೀಡೆಯೂ ಸೇರಿತ್ತು. ಸ್ವೀಡನ್ನಿಗೆ ಬಂದಿಳಿದಿದ್ದ ತಂಡವನ್ನ ವಾಪಸ್ ಕಳಿಸಿದರು. ಜೂನ್ 10ಕ್ಕೆ ಟೂರ್ನಿ ಶುರು, ಡೆನ್ಮಾರ್ಕಿಗೆ 11ರಂದು ಮೊದಲ ಪಂದ್ಯ. ಜೂನ್ 3ಕ್ಕೆ ಒಂದು ಸ್ನೇಹಪಂದ್ಯ ಹೇಗೂ ಇತ್ತು, ಹಳೇ ಸೋವಿಯತ್ ತಂಡದ ಉಳಿಕೆಯಾದ ಸಿಐಎಸ್ ಜೊತೆ. ಅದು 1-1ರಲ್ಲಿ ಮುಗಿಯಿತು. ಅಂದರೆ ಎಲ್ಲರೂ ಮರಳ ಮೇಲೆ ಮಲಗಿದ್ದರು ಅನ್ನೋದು ಅಜ್ಜಿಕತೆ. ಮೋಲರ್ ನೀಲ್ಸೆನ್ ಮನೆಯಲ್ಲಿ ಅಡುಗೆಮನೆ ಹೊಸದು ಮಾಡಿಸೋ ಯೋಚನೆಯಲ್ಲಿದ್ದ ಅನ್ನೋದು ಮಾತ್ರ ಅವನೇ ಹೇಳಿಕೊಂಡ ಮಾತು :)

ಈಗ ವಿಲ್ಫೋರ್ಟ್ ವಿಷಯಕ್ಕೆ ಬರೋಣ. ಅವನ ಏಳೆಂಟು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್. ತಂಡಕ್ಕೆ ಕರೆ ಬಂದಾಗ ಚಿಕಿತ್ಸೆ ನಡೆಯುತ್ತಿತ್ತು.

ಇಂಗ್ಲೆಂಡ್ ವಿರುದ್ಧ 0-0. ಸ್ವೀಡನ್ ವಿರುದ್ಧ 0-1. ಅದಾದ ಮೇಲೆ ಮನೆಯಿಂದ ಸುದ್ದಿ ಬಂತು, ಮಗಳ ಸ್ಥಿತಿ ಸರಿಯಿಲ್ಲ ಅಂತ. ವಿಲ್ಫೋರ್ಟ್ ಕ್ಯಾಂಪ್ ಬಿಟ್ಟು ಹೊರಟ. ಜೂನ್ 17ರಂದು ಮಾಲ್ಮೊದಲ್ಲಿ ಫ್ರಾನ್ಸ್ ಮೇಲೆ ಗೆಲ್ಲಲೇಬೇಕಾದ ಪಂದ್ಯದಲ್ಲಿ ಅವನು ಇರಲಿಲ್ಲ. ಉಳಿದವರು 2-1ರಿಂದ ಗೆದ್ದರು. ಪಂದ್ಯಾವಳಿ ಸ್ವೀಡನ್ನಿನಲ್ಲಿ ನಡೆದದ್ದು ಒಂದು ಲೆಕ್ಕದಲ್ಲಿ ಅನುಕೂಲವೇ ಆಯಿತು. ಕೋಪನ್‌ಹೇಗನ್ನಿಗೂ ಮಾಲ್ಮೊಗೂ ನಡುವೆ ಒಂದು ಜಲಸಂಧಿ ಅಷ್ಟೇ. ಈಗ ಸೇತುವೆ ಇದೆ. ಅದು ಆದದ್ದು 2000ದಲ್ಲಿ, ಆಗ ದೋಣಿಯೇ ಗತಿ.

ಸೆಮಿಫೈನಲ್ಲಿಗೆ ಅವನು ಬಂದ. ಹೋಗು ಅಂತ ಮನೆಯವರೇ, ಮಗಳೂ ಸೇರಿ ಹೇಳಿದರು ಅಂತ ಆತ ಆಮೇಲೆ ಹೇಳಿದ್ದುಂಟು. ಇದನ್ನ 'ದೇಶಕ್ಕಾಗಿ ತ್ಯಾಗ' ಅಂತ ಬರೆಯುವವರನ್ನ ಕಂಡರೆ ನನಗೆ ಆಗೋದಿಲ್ಲ. ಆಸ್ಪತ್ರೆಯಲ್ಲಿ ಮಗು ಮಲಗಿರುವಾಗ ಅಪ್ಪ ಎಲ್ಲಿರಬೇಕು ಅನ್ನೋದಕ್ಕೆ ಪುಸ್ತಕದಲ್ಲಿ ಉತ್ತರ ಇರಲ್ಲ. ಟಿವಿಯಲ್ಲಿ ಅಪ್ಪ ಆಡೋದನ್ನ ನೋಡಬೇಕು ಅಂತ ಆ ಮಗುವಿಗೆ ಆಸೆ ಇತ್ತು ಅಂದರೆ, ಆ ಪ್ರಶ್ನೆಗೆ ಆ ಮನೆಯ ಉತ್ತರ ಅದು. ಹೊರಗಿನವರು ಅದಕ್ಕೆ ಹೂವಿನ ಹಾರ ಹಾಕೋದೂ ಬೇಡ, ತಪ್ಪು ಹುಡುಕೋದೂ ಬೇಡ.

ಜೂನ್ 22, ಯೋಟೆಬೊರಿ. ಎದುರಿಗೆ ಹಿಂದಿನ ಸಲದ ಚಾಂಪಿಯನ್ ಹಾಲೆಂಡ್: ವಾನ್ ಬಾಸ್ಟನ್, ಗುಲ್ಲಿಟ್, ರೈಕಾರ್ಡ್, ಬರ್ಗ್‌ಕಾಂಪ್. ಹೆನ್ರಿಕ್ ಲಾರ್ಸೆನ್ ಎರಡು ಗೋಲು ಹೊಡೆದ. 86ನೇ ನಿಮಿಷದಲ್ಲಿ ರೈಕಾರ್ಡ್ 2-2 ಮಾಡಿದ. ಹೆನ್ರಿಕ್ ಆಂಡರ್ಸನ್ ಮಂಡಿಚಿಪ್ಪು ಒಡೆದುಕೊಂಡು ಸ್ಟ್ರೆಚರ್ ಮೇಲೆ ಹೋದ. ಹೆಚ್ಚುವರಿ ಸಮಯವೂ ಮುಗಿದು ಪೆನಾಲ್ಟಿ ಬಂತು. ವಾನ್ ಬಾಸ್ಟನ್ ಹೊಡೆದದ್ದನ್ನ ಶ್ಮೈಕೆಲ್ ತಡೆದ. ಡೆನ್ಮಾರ್ಕಿನ ನಾಲ್ಕನೆಯ ಹೊಡೆತಕ್ಕೆ ನಡೆದು ಬಂದವನು ವಿಲ್ಫೋರ್ಟ್. ಆಗ ಸ್ಕೋರು 3-3, ತಪ್ಪಿದ್ದರೆ ಶ್ಮೈಕೆಲ್ ತಡೆದದ್ದು ನೀರಲ್ಲಿ ಹೋಮ. ತಪ್ಪಲಿಲ್ಲ. ಐದನೆಯದನ್ನ ಕ್ರಿಸ್ಟೋಫ್ಟೆ ಆರಾಮಾಗಿ ಎರಡು ಹೆಜ್ಜೆ ನಡೆದು ಒಳಗೆ ಹಾಕಿದ. 5-4.

ಪೆನಾಲ್ಟಿ ಹೊಡೆಯಲು ನಡೆದು ಹೋಗುವ ಆ ದೂರವನ್ನ ಪ್ರಪಂಚದಲ್ಲೇ ಅತಿ ಭಯಂಕರ ಅಂತ ವೀಕ್ಷಕ ವಿವರಣೆಯವರು ಹೇಳ್ತಿರ್ತಾರೆ. ಆ ವಾರ ಆ ಮನುಷ್ಯನಿಗೆ ಹಾಗನ್ನಿಸಿರಲಿಕ್ಕಿಲ್ಲ ಅಂತ ನನ್ನ ಊಹೆ.

ಫೈನಲ್ ಜೂನ್ 26ಕ್ಕೆ, ಅದೇ ಉಲ್ಲೇವಿ ಮೈದಾನದಲ್ಲಿ, ವಿಶ್ವ ಚಾಂಪಿಯನ್ ಜರ್ಮನಿಯ ಜೊತೆ. ಆ ತಿಂಗಳು ಡೆನ್ಮಾರ್ಕಿನಲ್ಲಿ ರಾಜಕೀಯವೂ ಕಾವೇರಿತ್ತು. ಜೂನ್ 2ರಂದು ಜನಮತದಲ್ಲಿ ಮಾಸ್ಟ್ರಿಕ್ಟ್ ಒಪ್ಪಂದವನ್ನ ಶೇ. 50.7ರಷ್ಟು ಮಂದಿ ಬೇಡ ಅಂದಿದ್ದರು, ಪಕ್ಕದ ದೊಡ್ಡ ದೇಶಗಳೆಲ್ಲ ಮುನಿಸಿಕೊಂಡಿದ್ದವು.

18ನೇ ನಿಮಿಷದಲ್ಲಿ ಜಾನ್ ಯೆನ್ಸೆನ್ ಹೊಡೆದ ಚೆಂಡು ಗುಂಡಿನ ಹಾಗೆ ಒಳಗೆ ಹೋಯಿತು. ಅಲ್ಲಿಂದ ಒಂದು ಗಂಟೆ ಕಾಲ ಜರ್ಮನಿ ಮುಗಿಬಿದ್ದಿತು. ಡೆನ್ಮಾರ್ಕಿನವರು ಉಸಿರು ಬಿಡಬೇಕು ಅನ್ನಿಸಿದಾಗೆಲ್ಲ ಚೆಂಡನ್ನ ಹಿಂದಕ್ಕೆ ಶ್ಮೈಕೆಲ್ ಕೈಗೆ ಕೊಡೋದು. ಗೋಲ್‌ಕೀಪರ್ ಹಾಗೆ ಕೈಯಲ್ಲಿ ಎತ್ತಿಕೊಳ್ಳಬಹುದಾಗಿದ್ದ ಕೊನೆಯ ದೊಡ್ಡ ಟೂರ್ನಿ ಅದು, ಆಮೇಲೆ ನಿಯಮವೇ ಬದಲಾಯಿತು. ನೋಡೋಕೆ ಬೋರು, ಒಪ್ಪಿಕೊಳ್ತೀನಿ.

78ನೇ ನಿಮಿಷ. ಪುಟಿದು ಬಂದ ಚೆಂಡನ್ನ ವಿಲ್ಫೋರ್ಟ್ ಹಿಡಿತಕ್ಕೆ ತಗೊಂಡ, ಎಡಗಾಲಿಗೆ ತಿರುಗಿಸಿಕೊಂಡು ನೆಲಮಟ್ಟದಲ್ಲಿ ಹೊಡೆದ. ಚೆಂಡು ಕಂಬಕ್ಕೆ ತಾಗಿ ಒಳಗೆ ಹೋಯಿತು. ಇಲ್ಗ್ನರ್ ಹಾರಿದ್ದು ಸಾಲಲಿಲ್ಲ. ಚೆಂಡು ಕೈಗೆ ತಾಗಿತು ಅಂತ ಜರ್ಮನಿಯವರು ದೂರಿದರು. ವಿಡಿಯೋ ಎಷ್ಟೋ ಸಲ ನೋಡಿದ್ದೀನಿ, ನನಗೂ ಅವರ ದೂರಿನಲ್ಲಿ ಹುರುಳಿದೆ ಅಂತಲೇ ಕಾಣುತ್ತೆ. ಈಗಿನ ಹಾಗೆ ವಿಎಆರ್ ಇದ್ದಿದ್ದರೆ ಆ ಗೋಲು ಉಳಿಯುತ್ತಿತ್ತೋ ಇಲ್ಲವೋ. ರೆಫರಿ ಕೊಟ್ಟರು. 2-0, ಡೆನ್ಮಾರ್ಕ್ ಯುರೋಪಿನ ಚಾಂಪಿಯನ್.

ಅದಾಗಿ ಸ್ವಲ್ಪ ಸಮಯದಲ್ಲೇ ಆ ಮಗು ತೀರಿಕೊಂಡಿತು.

ಡೆನ್ಮಾರ್ಕಿನಲ್ಲಿ 2015ರಲ್ಲಿ ಆ ಬೇಸಿಗೆಯ ಮೇಲೆ ಒಂದು ಸಿನಿಮಾನೂ ಬಂತು, ಉಲ್ರಿಕ್ ಥಾಮ್ಸೆನ್ ಕೋಚ್ ಪಾತ್ರ ಮಾಡಿದ್ದಾನೆ. ಆದರೆ ಹೆಚ್ಚಿನ ಬರಹಗಳು ವಿಲ್ಫೋರ್ಟ್‌ನನ್ನ ಉಲ್ಲೇವಿ ಮೈದಾನದಲ್ಲೇ ಬಿಟ್ಟು ಬರುತ್ತವೆ, ಆ ಗೋಲು, ಆ ದುಃಖ, ಅಲ್ಲಿಗೆ ಮುಕ್ತಾಯ. ಅವನಿಗೆ ಆಗ ಇಪ್ಪತ್ತೊಂಬತ್ತು ವರ್ಷ. ಯೆನ್ಸೆನ್ ಆರ್ಸೆನಲ್‌ಗೆ ಹೋದ. ವಿಲ್ಫೋರ್ಟ್ ಬ್ರೋಂಡ್ಬಿಯಲ್ಲೇ ಉಳಿದ. ಕ್ಲಬ್ಬು ಅದೇ ಹೊತ್ತಿಗೆ ಒಂದು ಬ್ಯಾಂಕ್ ಕೊಳ್ಳೋಕೆ ಹೋಗಿ ಕೈ ಸುಟ್ಟುಕೊಂಡು ಮುಳುಗುವ ಹಂತಕ್ಕೆ ಬಂದಿತ್ತು. ನಾಲ್ಕು ವರ್ಷ ಲೀಗ್ ಗೆಲ್ಲಲಿಲ್ಲ. ಆಮೇಲೆ 1996, 1997, 1998 ಸತತ ಮೂರು ವರ್ಷ ಗೆದ್ದರು. ಆ ತಂಡದಲ್ಲೂ ಅವನಿದ್ದ. ಹಿಂದಿನ ನಾಲ್ಕು ಸೇರಿಸಿದರೆ ಅವನ ಲೆಕ್ಕಕ್ಕೆ ಏಳು ಲೀಗ್ ಪ್ರಶಸ್ತಿ, ಜೊತೆಗೆ ಮೂರು ಡ್ಯಾನಿಷ್ ಕಪ್. ದೇಶಕ್ಕೆ ಆಡಿದ್ದು 77 ಪಂದ್ಯ, 14 ಗೋಲು, ಕೊನೆಯದು 1996ರಲ್ಲಿ.

1998ರಲ್ಲಿ ಲೀಗು, ಕಪ್ಪು ಎರಡೂ ಗೆದ್ದ ಸೀಸನ್ನಿನಲ್ಲಿ ಆಟ ನಿಲ್ಲಿಸಿದ. ಆಮೇಲೂ ಕ್ಲಬ್ ಬಿಡಲಿಲ್ಲ. ಬಹಳ ವರ್ಷ ಅಲ್ಲಿಯ ಯುವ ಆಟಗಾರರ ವಿಭಾಗದಲ್ಲಿ ಕೆಲಸ ಮಾಡಿದ, ಹುಡುಗರನ್ನ ಆರಿಸೋದು, ಬೆಳೆಸೋದು. ಯಾರಾದರೂ ಮೈಕ್ ಹಿಡಿದು ತೊಂಬತ್ತೆರಡರ ಬಗ್ಗೆ ಕೇಳಿದರೆ ಚುಟುಕಾಗಿ, ಸಮಾಧಾನವಾಗಿ ಉತ್ತರ ಕೊಡ್ತಾನೆ. ಯೂಟ್ಯೂಬಿನಲ್ಲಿ ಆ ಪಂದ್ಯಗಳು ಸಿಗುತ್ತವೆ. ಬಿಡುವಿದ್ದಾಗ ಫೈನಲ್ ಬಿಟ್ಟು ಸೆಮಿಫೈನಲ್ ನೋಡಿ, ಆಟ ಅದೇ ಚೆನ್ನಾಗಿದೆ.