ಬೆನ್ನಿನ ಮೇಲಿನ ಭಾರ

ಶಿವಾಜಿನಗರದಿಂದ ಹಲಸೂರಿನ ಮೇಲೆ ಇಂದಿರಾನಗರಕ್ಕೆ ಹೋಗುವಾಗ ನಾನು ಅಂಗಡಿಗಳ ಫಲಕ ಓದುತ್ತ ಹೋಗುತ್ತೇನೆ. ಹಳೆಯ ಗಲ್ಲಿಗಳಲ್ಲಿ ‘ಪುತ್ತೂರು ಕಟ್ಟು’ ಕಾಣುತ್ತದೆ. ಇದು ದಕ್ಷಿಣ ಕನ್ನಡದ ಪುತ್ತೂರಲ್ಲ, ಮೂಳೆ ಕಟ್ಟುವುದಕ್ಕೆ ಹೆಸರಾದ ಆಂಧ್ರದ ಪುತ್ತೂರು. ಇಂದಿರಾನಗರ ಬರುವಷ್ಟರಲ್ಲಿ ಫಲಕದ ಭಾಷೆ ಬದಲಾಗುತ್ತದೆ: ‘ಶಸ್ತ್ರಚಿಕಿತ್ಸೆಯಿಲ್ಲದೆ ಬೆನ್ನುನೋವಿಗೆ ಪರಿಹಾರ’, ‘ಕ್ರೀಡಾ ವೈದ್ಯಕೀಯ’.

ಎರಡು ವರ್ಷ ದಾಖಲೆಗಳ ಮೇಲೆ ಬಾಗಿ ಕೂತು ಸೊಂಟ ಹಿಡಿದಾಗ ನಾನೂ ಅಂಥದೊಂದು ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ವೈದ್ಯರು ನಾನು ಕೊಂಡೊಯ್ದಿದ್ದ ಸ್ಕ್ಯಾನ್ ಲಕೋಟೆಯನ್ನು ಪಕ್ಕಕ್ಕಿಟ್ಟು ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ದಿನಕ್ಕೆ ಎಷ್ಟು ಹೊತ್ತು ಕೂರುತ್ತೀರಿ, ಏನು ಎತ್ತುತ್ತೀರಿ?” ನೋವು ಕಡಿಮೆಯಾಯಿತು. ಚರಿತ್ರೆಯ ವಿದ್ಯಾರ್ಥಿಯಾದ ನನ್ನನ್ನು ಬಿಡದೆ ಕಾಡಿದ್ದು ಆ ಪ್ರಶ್ನೆ. ಬೆನ್ನನ್ನಲ್ಲ, ಬೆನ್ನಿನ ಮೇಲಿನ ಭಾರವನ್ನು ವಿಚಾರಿಸುವ ಈ ವೈದ್ಯ ಎಲ್ಲಿಂದ ಬಂತು? ಯಾರ ಬೆನ್ನಿಗಾಗಿ ಬಂತು?

ಮೊದಲಿಗೆ ‘ಶಸ್ತ್ರಚಿಕಿತ್ಸೆಯಿಲ್ಲದೆ’ ಎಂಬ ಮಾತನ್ನೇ ನೋಡೋಣ. ಬೆನ್ನೆಲುಬಿನ ಡಿಸ್ಕ್ ಜಾರಿ ನರವನ್ನು ಒತ್ತುವುದರಿಂದ ಕಾಲಿಗಿಳಿಯುವ ನೋವು ಬರುತ್ತದೆ, ಆ ಚೂರನ್ನು ತೆಗೆದರೆ ನೋವು ಹೋಗುತ್ತದೆ ಎಂದು ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಪ್ರಕಟಿಸಿದ್ದು 1934ರಲ್ಲಿ. ಡಿಸ್ಕ್ ಶಸ್ತ್ರಚಿಕಿತ್ಸೆಯ ಯುಗ ಶುರುವಾದದ್ದು ಅಲ್ಲಿಂದ. ಅದಕ್ಕೂ ಮುಂಚೆ ಬಹುಮಟ್ಟಿಗೆ ಎಲ್ಲರ ಬೆನ್ನಿಗೂ ಕತ್ತಿಯಿಲ್ಲದ ವೈದ್ಯವೇ ಗತಿಯಾಗಿತ್ತು. ಗರಡಿಯ ಉಸ್ತಾದರು ಎಣ್ಣೆ ಹಚ್ಚಿ ನೀವುತ್ತಿದ್ದದ್ದು, ನಾಟಿ ವೈದ್ಯರು ಪಟ್ಟಿ ಕಟ್ಟುತ್ತಿದ್ದದ್ದು ಅದನ್ನೇ. ಆಗ ಅದಕ್ಕೆ ಬೇರೆ ಹೆಸರು ಬೇಕಿರಲಿಲ್ಲ. ಕತ್ತಿ ಬಂದ ಮೇಲೆ ‘ಕತ್ತಿಯಿಲ್ಲದ’ ಎಂಬ ವಿಶೇಷಣ ಹುಟ್ಟಿತು.

ಕ್ರೀಡಾ ವೈದ್ಯದ ಅಂತರರಾಷ್ಟ್ರೀಯ ಸಂಘ ಹುಟ್ಟಿದ್ದು 1928ರ ಫೆಬ್ರವರಿಯಲ್ಲಿ, ಸ್ವಿಟ್ಜರ್ಲೆಂಡಿನ ಸೇಂಟ್ ಮಾರಿಟ್ಜ್‌ನಲ್ಲಿ, ಚಳಿಗಾಲದ ಒಲಿಂಪಿಕ್ಸ್ ನಡೆದಿದ್ದಾಗ. ಅದರ ಮುಂದಿನ ದಶಕ ಬೆಂಗಳೂರಿನ ಫುಟ್‌ಬಾಲಿಗೆ ಹೊನ್ನಿನ ಕಾಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಸತತವಾಗಿ ರೋವರ್ಸ್ ಕಪ್ ಗೆದ್ದಿತು. ದಂಡು ಪ್ರದೇಶದ ಸುತ್ತಮುತ್ತ ಬ್ರಿಟಿಷ್ ಸೈನಿಕರ ಆಟ ನೋಡಿ ಕಲಿತ ಹುಡುಗರು ಬೂಟಿಲ್ಲದೆ ಆಡುತ್ತಿದ್ದರು. ಹಲಸೂರಿನ ಗೌತಮಪುರದಲ್ಲಿ ಆ ಹುಚ್ಚು ಇಂದಿಗೂ ಇದೆ. ಅಲ್ಲಿ ಪೆಲೆಯ ಪ್ರತಿಮೆಯೇ ನಿಂತಿದೆ.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊಟ್ಟಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ತಂಡದ ಬಹುಪಾಲು ಆಟಗಾರರು ಬರಿಗಾಲಿನಲ್ಲಿದ್ದರು. ಭಾರತ 1-2ರಲ್ಲಿ ಸೋತಿತು. ಆದರೆ ಈ ಆಟಕ್ಕೆ ಎರಡು ದಿನ ಮೊದಲು, ಒಲಿಂಪಿಕ್ಸ್ ಉದ್ಘಾಟನೆಯ ದಿನವೇ, ಲಂಡನ್ನಿಗೆ ದೂರವಲ್ಲದ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಂಗಳದಲ್ಲಿ ಇನ್ನೊಂದು ಸ್ಪರ್ಧೆ ನಡೆದಿತ್ತು. ಯುದ್ಧದಲ್ಲಿ ಬೆನ್ನುಹುರಿ ಕಡಿದುಕೊಂಡ ಹದಿನಾರು ಮಂದಿ ಗಾಲಿಕುರ್ಚಿಯಲ್ಲಿ ಕೂತು ಬಿಲ್ವಿದ್ಯೆಯಲ್ಲಿ ಸ್ಪರ್ಧಿಸಿದರು. ಏರ್ಪಡಿಸಿದವರು ಡಾ. ಲುಡ್ವಿಗ್ ಗಟ್‌ಮನ್. ಅಂಥ ರೋಗಿಗಳು ಬದುಕುವುದಿಲ್ಲವೆಂದು ಕೈಬಿಡುತ್ತಿದ್ದ ಕಾಲದಲ್ಲಿ ಅವರು ಎರಡೆರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವ ಶಿಸ್ತು ತಂದರು, ಆಟವನ್ನು ಚಿಕಿತ್ಸೆಯ ಭಾಗ ಮಾಡಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೇರು ಅಲ್ಲಿದೆ. ಆಟ ಮತ್ತು ಬೆನ್ನೆಲುಬು ಒಂದೇ ವೈದ್ಯನ ಕೈಯಲ್ಲಿ ಕೂಡಿದ್ದು ಹೀಗೆ, ಸೈನಿಕನ ದೇಹದ ಮೂಲಕ.

ನಮ್ಮ ಪೂರ್ವ ಬೆಂಗಳೂರಿಗೂ ಅದು ಬಂದದ್ದು ಸೇನೆಯ ದಾರಿಯಲ್ಲೇ. ಹಳೆ ಮದ್ರಾಸ್ ರಸ್ತೆಯನ್ನೂ ಹಳೆ ವಿಮಾನ ನಿಲ್ದಾಣ ರಸ್ತೆಯನ್ನೂ ಕೂಡಿಸುವ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಓಡಾಡುವ ಎಷ್ಟೋ ಮಂದಿಗೆ ಆ ಹೆಸರು ಯಾರದೆಂದು ಗೊತ್ತಿಲ್ಲ. 1961ರ ಜೂನ್ 17ರಂದು ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನವನ್ನು ಮೊದಲ ಸಲ ಹಾರಿಸಿದ ಪೈಲಟ್ ಅವರು. 1970ರ ಜನವರಿಯಲ್ಲಿ ಅದೇ ಮಾದರಿಯ ವಿಮಾನದ ಪರೀಕ್ಷಾ ಹಾರಾಟದಲ್ಲಿ ತೀರಿಕೊಂಡರು.

ಆ ರಸ್ತೆ ಮುಗಿಯುವ ಕಡೆಗೆ, ವಿಮಾನಪುರದಲ್ಲಿ, ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. 1957ರಲ್ಲಿ ಏವಿಯೇಷನ್ ಮೆಡಿಸಿನ್ ಶಾಲೆಯಾಗಿ ಶುರುವಾದದ್ದು. ರಾಕೇಶ್ ಶರ್ಮಾ ಅವರನ್ನು ಬಾಹ್ಯಾಕಾಶಕ್ಕೆ ಆರಿಸುವಾಗ ಪರೀಕ್ಷೆಗೊಳಪಡಿಸಿದ್ದೂ ಇಲ್ಲೇ. ಅಲ್ಲಿನ ವೈದ್ಯರ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ ಪೈಲಟ್ಟನ ಬೆನ್ನು. ಅಪಾಯದಲ್ಲಿ ಪೈಲಟ್ ಹಿಡಿಕೆ ಎಳೆದೊಡನೆ ಸ್ಫೋಟಕದ ಬಲದಿಂದ ಕುರ್ಚಿ ಅವನನ್ನು ಹೊತ್ತು ಮೇಲಕ್ಕೆ ಚಿಮ್ಮುತ್ತದೆ. ಆ ಕ್ಷಣಾರ್ಧದಲ್ಲಿ ದೇಹದ ತೂಕ ಹತ್ತಾರು ಪಟ್ಟು ಹೆಚ್ಚಿದಂತಾಗುತ್ತದೆ. ಎದೆಯ ಹಿಂಭಾಗ ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ ಬೆನ್ನುಮೂಳೆ ನಜ್ಜುಗುಜ್ಜಾಗಬಹುದು. ಪ್ರಾಣ ಉಳಿದರೂ ಬೆನ್ನು ಉಳಿಯಬೇಕಲ್ಲ!

ಇಂಥ ಬಿರುಕುಗಳಲ್ಲಿ ಹೆಚ್ಚಿನವು ನರಕ್ಕೆ ಪೆಟ್ಟಾಗದಿದ್ದರೆ ಕತ್ತಿಯಿಲ್ಲದೆಯೇ, ವಿಶ್ರಾಂತಿ, ಪಟ್ಟಿ, ಕ್ರಮವಾದ ವ್ಯಾಯಾಮಗಳಿಂದ ವಾಸಿಯಾಗುತ್ತವೆ. ಆದರೆ ವಿಮಾನ ವೈದ್ಯ ಅಲ್ಲಿಗೆ ನಿಲ್ಲಲಿಲ್ಲ. ಕುರ್ಚಿಯನ್ನೇ ಪ್ರಶ್ನಿಸಿತು. ಬೆನ್ನು ನೆಟ್ಟಗಿರಲಿ, ತಲೆ ಹಿಂದಕ್ಕೆ ಆತುಕೊಂಡಿರಲಿ ಎಂದು ಪೈಲಟ್ಟರಿಗೆ ಕಲಿಸಲಾಯಿತು. ಒಂದೇ ಹೊಡೆತದ ಸ್ಫೋಟದ ಜೊತೆಗೆ ರಾಕೆಟ್ ಸೇರಿಸಿ ಆಘಾತವನ್ನು ತುಸು ಹೆಚ್ಚು ಹೊತ್ತಿಗೆ ಹರಡುವ ಕುರ್ಚಿಗಳು ಬಂದವು. ಮುರಿದ ಬೆನ್ನನ್ನು ಕೂಡಿಸುವುದಕ್ಕಿಂತ ಮುರಿಯುವ ಭಾರವನ್ನು ತಿದ್ದುವುದು ಮೇಲು ಎಂಬುದೇ ಈ ವೈದ್ಯದ ಸಾರ.

ಕ್ರಿಕೆಟ್ಟಿನಲ್ಲೂ ಹೀಗೇ ಆಯಿತು. 2000ದಲ್ಲಿ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಬೆಂಗಳೂರಿಗೆ ಬಂದ ಮೇಲೆ ಗಾಯಗೊಂಡ ಆಟಗಾರರು ಇಲ್ಲಿಗೆ ಬರುವುದು ವಾಡಿಕೆಯಾಯಿತು. ವೇಗದ ಬೌಲರ್ ಪ್ರತಿ ಎಸೆತದಲ್ಲೂ ಬೆನ್ನನ್ನು ತಿರುಚಿ ಬಾಗಿಸುತ್ತಾನೆ. ಸೊಂಟದ ಮೂಳೆಯಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಅದಕ್ಕೆ ಮೊದಲ ಮದ್ದು ಎಸೆತ ನಿಲ್ಲಿಸುವುದು, ಮರಳುವಾಗ ಓವರುಗಳನ್ನು ಎಣಿಸಿ ಕೊಡುವುದು. ಇಲ್ಲೂ ಲೆಕ್ಕ ಭಾರದ್ದೇ.

ಹೊರಗಿನ ಸಂಶೋಧನೆಯೂ ಇದೇ ದಿಕ್ಕಿಗೆ ಹೊರಳಿತು. ಸೊಂಟ ಹಿಡಿದವರಿಗೆ ಏಳು ದಿನದ ಹಾಸಿಗೆಗಿಂತ ಎರಡು ದಿನವೇ ಸಾಕೆಂದು 1986ರಲ್ಲಿ ಡೆಯೋ ಮತ್ತು ಸಂಗಡಿಗರು ತೋರಿಸಿದರು. 1994ರಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಗೆ ಎಂಆರ್‌ಐ ಮಾಡಿದಾಗ 52% ಮಂದಿಯ ಡಿಸ್ಕ್ ಉಬ್ಬಿತ್ತು. ಚಿತ್ರದಲ್ಲಿ ಕಂಡದ್ದೆಲ್ಲ ರೋಗವಲ್ಲ. ನನ್ನ ಲಕೋಟೆ ಯಾಕೆ ಪಕ್ಕಕ್ಕೆ ಹೋಯಿತೆಂದು ಆಗ ತಿಳಿಯಿತು.

ಇಷ್ಟು ಓದಿದ ಮೇಲೆ ನಾನು ಮತ್ತೆ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರುಕಟ್ಟೆಯ ಬಳಿ ಬೆಳಗಿನ ಜಾವ ಮೂಟೆ ಇಳಿಸುವ ಹಮಾಲಿಗಳಿರುತ್ತಾರೆ. ಒಬ್ಬರು ಸೊಂಟಕ್ಕೆ ಟವೆಲ್ ಬಿಗಿದು ಮೂಟೆಗೆ ಬೆನ್ನು ಕೊಡುತ್ತಿದ್ದರು. ನೋವಿಗೆ ಏನು ಮಾಡುತ್ತೀರಿ ಎಂದೆ. “ಎಣ್ಣೆ ಹಚ್ಚಿಸ್ಕೋತೀನಿ, ತೀರಾ ಆದ್ರೆ ಕಟ್ಟು ಹಾಕಿಸ್ತೀನಿ” ಎಂದರು. ವಯಸ್ಕ ಗಂಡಾಳು ಒಬ್ಬನೇ ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಮೂಟೆ ಎಷ್ಟು ತೂಗುತ್ತದೆ ಎಂದು ಕೇಳಿದಾಗ ಅವರು ನಕ್ಕರು. ತೂಕ ನೋಡುವುದು ಅವರ ಕೆಲಸವಲ್ಲವಂತೆ.

ಪೈಲಟ್ಟನ ಕುರ್ಚಿ ಬದಲಾಯಿತು. ಬೌಲರನ ಓವರು ಎಣಿಕೆಗೆ ಬಂತು. ನನ್ನಂಥವರಿಗೆ ಮೇಜು ಎತ್ತರಿಸಿ ಕೊಡುತ್ತಾರೆ. ಎಣ್ಣೆಯ ಬಗ್ಗೆ, ಕಟ್ಟಿನ ಬಗ್ಗೆ ನನಗೆ ತಾತ್ಸಾರವಿಲ್ಲ, ನೂರಾರು ವರ್ಷ ಬಡವರ ಬೆನ್ನನ್ನು ಮುಟ್ಟಿ ನೋಡಿದ ಕೈಗಳು ಅವು. ಆದರೆ ಆ ಕೈಗಳಿಗೆ ಮೂಟೆಯ ತೂಕ ಇಳಿಸುವ ಅಧಿಕಾರವಿಲ್ಲ. “ಏನು ಎತ್ತುತ್ತೀರಿ?” ಎಂದು ವೈದ್ಯರು ನನ್ನನ್ನು ಕೇಳಿದಾಗ ಉತ್ತರ ನನ್ನ ಕೈಯಲ್ಲಿತ್ತು. ಹಮಾಲಿಯ ಮಟ್ಟಿಗೆ ಅದೇ ಪ್ರಶ್ನೆಯನ್ನು ಮೂಟೆ ಕಟ್ಟಿಸಿದವನಿಗೆ ಕೇಳಬೇಕು.