ಕಡಲ್ಗಳ್ಳರ ದೋಣಿ: ಯಾವುದು ಅಸಲಿ?

1971ರ ಕಪ್ಪು-ಬಿಳುಪು ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಕೊಂಡು ಮತ್ತೆ ತೆರೆಗೆ ಬಂದಾಗ ನಿಮ್ಮ ಮನೆಯಲ್ಲೂ ಮಾತು ನಡೆದಿರಬೇಕು. ಇದು ನಾವು ನೋಡಿದ ಚಿತ್ರವೇ, ಅಲ್ಲವೇ? ಇಂಥದ್ದೇ ಒಂದು ಜಗಳ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಉಂಟು. ಅಲ್ಲಿ ಜಗಳ ಒಂದು ದೋಣಿ ಸವಾರಿಯ ಬಗ್ಗೆ: ಡಿಸ್ನಿಲ್ಯಾಂಡ್ ಪಾರ್ಕಿನ ‘ಪೈರೇಟ್ಸ್ ಆಫ್ ದ ಕೆರಿಬಿಯನ್’.

ಹೆಸರು ಕೇಳಿದ ಕೂಡಲೇ ನಿಮಗೆ ಜಾನಿ ಡೆಪ್ ನೆನಪಾದರೆ ತಪ್ಪು ನಿಮ್ಮದಲ್ಲ. ಆದರೆ ಆ ಸಿನಿಮಾ ಬಂದದ್ದು 2003ರಲ್ಲಿ. ಸವಾರಿ ಶುರುವಾದದ್ದು 1967ರ ಮಾರ್ಚ್ 18ರಂದು. ಸವಾರಿಯಿಂದ ಸಿನಿಮಾ ಹುಟ್ಟಿತೇ ಹೊರತು ಸಿನಿಮಾದಿಂದ ಸವಾರಿಯಲ್ಲ. ವಾಲ್ಟ್ ಡಿಸ್ನಿ ತೀರಿಕೊಂಡದ್ದು 1966ರ ಡಿಸೆಂಬರಿನಲ್ಲಿ. ತಾನು ಮುಂದೆ ನಿಂತು ಮಾಡಿಸಿದ ಈ ಸವಾರಿಯ ಉದ್ಘಾಟನೆಯನ್ನು ಅವರು ಕಾಣಲಿಲ್ಲ.

ತಮಾಷೆಯೆಂದರೆ, ಮೊದಲಿಗೆ ದೋಣಿಯ ಯೋಚನೆಯೇ ಇರಲಿಲ್ಲ. ಜನ ನಡೆದುಕೊಂಡು ಹೋಗಿ ಮೇಣದ ಬೊಂಬೆಗಳನ್ನು ನೋಡುವುದು, ಅಷ್ಟೇ. 1964-65ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಡಿಸ್ನಿಯವರ ದೋಣಿಗಳೂ ಮಾತಾಡುವ ಯಂತ್ರಬೊಂಬೆಗಳೂ ಗೆದ್ದ ಮೇಲೆ ಯೋಜನೆ ಬದಲಾಯಿತು. ಅಂದರೆ ‘ಅಸಲಿ’ ಎನ್ನುವುದೇ ಒಂದು ತಿದ್ದುಪಡಿ!

ದೋಣಿ ಕತ್ತಲಲ್ಲಿ ಎರಡು ಸಲ ಜಾರಿ ಕೆಳಗಿಳಿಯುತ್ತದೆ. ಅದು ಬರೀ ಮೋಜಿಗಲ್ಲ. ಪಾರ್ಕಿನ ಸುತ್ತ ರೈಲು ಹಳಿ ಇದೆ. ಹಳಿಯ ಕೆಳಗೆ ನುಸುಳಿ ಆಚೆಯ ದೊಡ್ಡ ಕಟ್ಟಡ ಸೇರಲು ಅದೇ ದಾರಿ. ಅಲ್ಲಿ ಅಸ್ಥಿಪಂಜರಗಳು, ಬೆಂಕಿ ಬಿದ್ದ ಊರು, ಕುಡಿದು ಹಾಡುವ ಕಳ್ಳರು. ಬೊಂಬೆಗಳ ಮಾತು ಒಂದರ ಮೇಲೊಂದು ಬಿದ್ದು ಕೇಳಿಸುವುದಿಲ್ಲವಲ್ಲ ಎಂದು ಬರಹಗಾರ ಎಕ್ಸ್ ಅಟೆನ್ಸಿಯೋ ಪೇಚಾಡಿದರಂತೆ. ಪಾರ್ಟಿಯಲ್ಲೂ ಹಾಗೇ ಅಲ್ಲವೇ, ಪ್ರತಿ ಸಲ ಬಂದಾಗಲೂ ಬೇರೆ ಮಾತು ಕಿವಿಗೆ ಬೀಳಲಿ ಎಂದರಂತೆ ವಾಲ್ಟ್. ಈ ಸವಾರಿಗೆ ಕಥೆಯಿಲ್ಲ, ನಾಯಕನಿಲ್ಲ. ನೀವು ಸುಮ್ಮನೆ ತೇಲಿಹೋಗುತ್ತೀರಿ.

ಇನ್ನು ಜಗಳಕ್ಕೆ ಬರೋಣ. ಹಳೆಯ ಸವಾರಿಯಲ್ಲಿ ಕಳ್ಳರು ಹೆಂಗಸರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು. 1997ರಲ್ಲಿ ಆ ಹೆಂಗಸರ ಕೈಗೆ ತಿಂಡಿಯ ತಟ್ಟೆ ಬಂತು. ಕಳ್ಳರಿಗೆ ಈಗ ಬೇಕಾದದ್ದು ತಿಂಡಿ! 2006ರಲ್ಲಿ ಜಾನಿ ಡೆಪ್ ಮುಖದ ಜ್ಯಾಕ್ ಸ್ಪ್ಯಾರೋ ಬೊಂಬೆಗಳು ಬಂದವು. 2018ರಲ್ಲಿ ಹರಾಜಿನ ದೃಶ್ಯ ಬದಲಾಯಿತು. ಅಲ್ಲಿ ಹೆಂಗಸರನ್ನು ಹಗ್ಗ ಕಟ್ಟಿ ಸಾಲಾಗಿ ನಿಲ್ಲಿಸಿ ಹೆಂಡತಿಯರೆಂದು ಹರಾಜು ಕೂಗುತ್ತಿದ್ದರು. ಕೆಂಪು ಕೂದಲಿನವಳೇ ಬೇಕೆಂದು ಕುಡುಕರು ಗದ್ದಲವೆಬ್ಬಿಸುತ್ತಿದ್ದರು. ಈಗ ಆ ಕೆಂಪು ಕೂದಲಿನವಳೇ ಬಂದೂಕು ಹಿಡಿದ ಕಳ್ಳಿ. ಹರಾಜಾಗುವುದು ಊರಿನವರ ಸಾಮಾನು, ಕೋಳಿ. ಹಳೆಯ ಅಭಿಮಾನಿಗಳು ಇದಕ್ಕೆ ಬಹಳ ಸಿಟ್ಟಾದರು.

ನನ್ನನ್ನು ಕೇಳಿದರೆ ಆ ಸಿಟ್ಟು ತಪ್ಪು ಜಾಗದಲ್ಲಿದೆ. ಪಕ್ಕದಲ್ಲಿ ಕೂತ ಎಂಟು ವರ್ಷದ ಮಗಳು “ಅವರನ್ನು ಯಾಕೆ ಮಾರ್ತಿದಾರೆ ಅಪ್ಪಾ?” ಎಂದು ಕೇಳಿದರೆ ಏನು ಹೇಳುವುದು? ಆ ಬದಲಾವಣೆಯಿಂದ ದೃಶ್ಯದ ನಗುವೂ ಗದ್ದಲವೂ ಕೆಡಲಿಲ್ಲ. ನಿಜವಾಗಿ ಕಳೆದುಹೋದದ್ದು 2006ರಲ್ಲಿ. ನಾಯಕನಿಲ್ಲದ ಜಾಗಕ್ಕೆ ಒಬ್ಬ ಸಿನಿಮಾ ನಾಯಕ ಬಂದು ಕೂತ. ಅಂದಿನಿಂದ ದೋಣಿಯಲ್ಲಿ ಕೂತವರ ಕಣ್ಣು ಕತ್ತಲನ್ನು ನೋಡುವುದು ಬಿಟ್ಟು “ಜ್ಯಾಕ್ ಎಲ್ಲಿ?” ಎಂದು ಹುಡುಕತೊಡಗಿತು. ಆದರೆ ಆ ವರ್ಷ ಮೊದಲ ಸಲ ದೋಣಿ ಹತ್ತಿದ ಮಕ್ಕಳು ಈಗ ದೊಡ್ಡವರು. ಅವರ ಪಾಲಿಗೆ ಜ್ಯಾಕ್ ಇರುವುದೇ ಅಸಲಿ. ನಾಳೆ ಅವನನ್ನು ತೆಗೆದರೆ ಜಗಳಕ್ಕೆ ಬರುವವರು ಅವರೇ.

ಫ್ಲೋರಿಡಾದಲ್ಲಿ 1973ರಲ್ಲಿ ಕಟ್ಟಿದ ಇದೇ ಹೆಸರಿನ ಸವಾರಿ ಇನ್ನೂ ಚಿಕ್ಕದು, ಒಂದೇ ಜಾರು. ಅಲ್ಲಿ ಬೆಳೆದವರಿಗೆ ಅದೇ ಸಾಕು.

ಇಷ್ಟೆಲ್ಲ ಆದರೂ ಜೈಲಿನ ದೃಶ್ಯ ಹಾಗೇ ಇದೆ. ಒಳಗಿನ ಕೈದಿಗಳು ಮೂಳೆ ತೋರಿಸಿ, ಸಿಳ್ಳೆ ಹಾಕಿ ನಾಯಿಯನ್ನು ಕರೆಯುತ್ತಲೇ ಇದ್ದಾರೆ. ಬಾಯಲ್ಲಿ ಬೀಗದಕೈ ಗೊಂಚಲು ಕಚ್ಚಿಕೊಂಡ ಆ ನಾಯಿ 1967ರಿಂದಲೂ ಅವರ ಹತ್ತಿರ ಬಂದಿಲ್ಲ.