ಆದಿಪ್ರಾಸ

ಆದಿಪ್ರಾಸ ಎಂದರೆ ಪದ್ಯವೊಂದರ ಎಲ್ಲ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವಂತೆ ಪದಗಳನ್ನು ಜೋಡಿಸುವ ನಿಯಮ. ಇದನ್ನು ದ್ವಿತೀಯಾಕ್ಷರ ಪ್ರಾಸವೆಂದೂ ಕರೆಯುತ್ತಾರೆ. ಕನ್ನಡ ಛಂದಸ್ಸಿನಲ್ಲಿ ಬರಿಯ ‘ಪ್ರಾಸ’ ಎಂದರೂ ಸಾಮಾನ್ಯವಾಗಿ ಇದೇ ಅರ್ಥ. ತ್ರಿಪದಿ, ಕಂದ, ವೃತ್ತ, ಸಾಂಗತ್ಯ, ಷಟ್ಪದಿ ಮೊದಲಾದ ಪದ್ಯಜಾತಿಗಳಲ್ಲಿ ಇದು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕಡ್ಡಾಯವಾಗಿತ್ತು. 20ನೆಯ ಶತಮಾನದ ಆರಂಭದಲ್ಲಿ ಈ ನಿಯಮವನ್ನು ಕೈಬಿಟ್ಟದ್ದು ಹೊಸಗನ್ನಡ ಕಾವ್ಯದ ಒಂದು ಮುಖ್ಯ ತಿರುವೆಂದು ಪರಿಗಣಿತವಾಗಿದೆ.

ನಿಯಮ

ಪ್ರಾಸಸ್ಥಾನದಲ್ಲಿ ವ್ಯಂಜನ ಒಂದೇ ಆಗಿರಬೇಕು; ಅದಕ್ಕೆ ಸೇರುವ ಸ್ವರ ಬೇರೆಯಾಗಬಹುದು. ಕಡಲು, ನುಡಿ, ಒಡೆಯ ಎಂಬ ಮೂರು ಪದಗಳಲ್ಲಿ ಎರಡನೆಯ ಅಕ್ಷರಗಳು ಕ್ರಮವಾಗಿ ಡ, ಡಿ, ಡೆ. ಮೂರರಲ್ಲೂ ಡಕಾರವಿರುವುದರಿಂದ ಅವು ಪರಸ್ಪರ ಪ್ರಾಸಕ್ಕೆ ಹೊಂದುತ್ತವೆ. ಮೊದಲ ಅಕ್ಷರ ಯಾವುದಾದರೂ ಆಗಬಹುದು, ಆದರೆ ಅದರ ಸ್ವರೂಪ ಎಲ್ಲ ಸಾಲುಗಳಲ್ಲೂ ಒಂದೇ ಬಗೆಯಾಗಿರಬೇಕು. ಮೊದಲ ಸಾಲು ಹ್ರಸ್ವಾಕ್ಷರದಿಂದ ಆರಂಭವಾದರೆ ಉಳಿದ ಸಾಲುಗಳೂ ಹಾಗೆಯೇ ಆರಂಭವಾಗಬೇಕು. ಆದ್ದರಿಂದ ‘ಕಡಲು’ ಎಂಬುದಕ್ಕೆ ‘ನಾಡು’ ಹೊಂದುವುದಿಲ್ಲ.

ಸಾಲಿನ ಕೊನೆಯಲ್ಲಿ ಬರುವ ಅಂತ್ಯಪ್ರಾಸವಾಗಲಿ, ಸಾಲಿನೊಳಗೆ ಒಂದೇ ವರ್ಣ ಮತ್ತೆ ಮತ್ತೆ ಬರುವ ಅನುಪ್ರಾಸವೆಂಬ ಶಬ್ದಾಲಂಕಾರವಾಗಲಿ ಆದಿಪ್ರಾಸವಲ್ಲ.

ಷಟ್‌ಪ್ರಾಸಗಳು

ಒಂದನೆಯ ನಾಗವರ್ಮನ ‘ಛಂದೋಂಬುಧಿ’ (ಸು. 990) ಪ್ರಾಸದಲ್ಲಿ ಆರು ಬಗೆಗಳನ್ನು ಹೇಳಿ, ಅವುಗಳಿಗೆ ಪ್ರಾಣಿಗಳ ಹೆಸರುಗಳನ್ನು ಕೊಟ್ಟಿದೆ. ಅವುಗಳ ಲಕ್ಷಣ, ಹೊಂದುವ ಪದಗಳು ಮತ್ತು ಅರ್ಥಗಳು ಹೀಗಿವೆ:

• ಸಿಂಹಪ್ರಾಸ – ಪ್ರಾಸಾಕ್ಷರದ ಹಿಂದೆ ಹ್ರಸ್ವಸ್ವರ: ಒಡಲು (ದೇಹ), ಮಡದಿ (ಹೆಂಡತಿ), ಬಡಗು (ಉತ್ತರ ದಿಕ್ಕು), ಒಡವೆ (ಆಭರಣ).
• ಗಜಪ್ರಾಸ – ಹಿಂದೆ ದೀರ್ಘಸ್ವರ: ಸಾಗರ (ಸಮುದ್ರ), ಬಾಗಿಲು (ಕದ), ಯೋಗಿ (ಯೋಗಸಾಧಕ), ಕೂಗು (ಗಟ್ಟಿ ದನಿ).
• ವೃಷಭಪ್ರಾಸ – ಹಿಂದೆ ಅನುಸ್ವಾರ: ಅಂಬರ (ಆಕಾಶ, ಬಟ್ಟೆ), ತುಂಬಿ (ದುಂಬಿ), ಇಂಬು (ಆಶ್ರಯ), ಕಂಬನಿ (ಕಣ್ಣೀರು).
• ಅಜಪ್ರಾಸ – ಹಿಂದೆ ವಿಸರ್ಗ: ದುಃಸಹ (ಸಹಿಸಲಾಗದ), ನಿಃಸೀಮ (ಎಲ್ಲೆಯಿಲ್ಲದ), ನಿಃಸಾರ (ಹುರುಳಿಲ್ಲದ).
• ಶರಭಪ್ರಾಸ – ವಿಜಾತೀಯ ಒತ್ತಕ್ಷರ: ಪದ್ಮ (ತಾವರೆ), ಸದ್ಮ (ಮನೆ), ಛದ್ಮ (ಕಪಟ).
• ಹಯಪ್ರಾಸ – ಸಜಾತೀಯ ಒತ್ತಕ್ಷರ: ಅಕ್ಕರೆ (ಪ್ರೀತಿ), ಚಿಕ್ಕೆ (ನಕ್ಷತ್ರ), ಬೆಕ್ಕಸ (ಆಶ್ಚರ್ಯ), ಒಕ್ಕಲು (ಬೇಸಾಯಗಾರ, ಕುಟುಂಬ).

ವಿಸರ್ಗವುಳ್ಳ ಪದಗಳೆಲ್ಲ ಸಂಸ್ಕೃತದಿಂದ ಬಂದವಾದ್ದರಿಂದ ಅಜಪ್ರಾಸಕ್ಕೆ ಒದಗುವ ಪದಗಳು ಕಡಿಮೆ. ಘ, ಢ, ಭ ಮೊದಲಾದ ಮಹಾಪ್ರಾಣಗಳನ್ನು ಪ್ರಾಸಾಕ್ಷರವಾಗಿ ಆರಿಸಿಕೊಂಡ ಕವಿಯೂ ಅಚ್ಚಗನ್ನಡ ಪದಗಳನ್ನು ಬಿಟ್ಟು ಸಂಸ್ಕೃತ ಪದಗಳನ್ನೇ ಹೆಚ್ಚಾಗಿ ಅವಲಂಬಿಸಬೇಕಾಗುತ್ತದೆ. ಹೀಗೆ ಮೊದಲ ಸಾಲಿನ ಎರಡನೆಯ ಅಕ್ಷರವು ಇಡೀ ಪದ್ಯದ ಪದಸಂಪತ್ತನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಒಂದೇ ವರ್ಗದ ಅಕ್ಷರಗಳನ್ನು ಹೊಂದಿಸುವ ವರ್ಗಪ್ರಾಸ, ಶ–ಷ–ಸ ಮುಂತಾದ ಸಮೀಪ ಧ್ವನಿಗಳನ್ನು ಹೊಂದಿಸುವ ಸಮೀಪಪ್ರಾಸ ಎಂಬ ಸಡಿಲಿಕೆಗಳನ್ನೂ ಲಾಕ್ಷಣಿಕರು ಗುರುತಿಸಿದ್ದಾರೆ.

ಇತಿಹಾಸ

ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನ (ಸು. 700) ಆದಿಪ್ರಾಸದ ಪ್ರಾಚೀನ ನಿದರ್ಶನಗಳಲ್ಲಿ ಒಂದು. ಅದರ ಪ್ರಸಿದ್ಧ ತ್ರಿಪದಿಯ ಮೂರು ಸಾಲುಗಳು ‘ಸಾಧು’, ‘ಬಾಧಿಪ್ಪ’, ‘ಮಾಧವ’ ಎಂಬ ಪದಗಳಿಂದ ಆರಂಭವಾಗುತ್ತವೆ. ಮೂರರಲ್ಲೂ ದೀರ್ಘಸ್ವರದ ಬಳಿಕ ಧಕಾರವಿರುವುದರಿಂದ ಇದು ಗಜಪ್ರಾಸ. ಕನ್ನಡದಲ್ಲಿ ಇಂದು ಉಪಲಬ್ಧವಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ (ಸು. 850) ಪ್ರಾಸದ ಭೇದಗಳನ್ನು ವಿವರಿಸುತ್ತದೆ. ಕನ್ನಡದ ಕವಿಗಳು ಪ್ರಾಸವನ್ನು ಅತಿಶಯವೆಂದು ಭಾವಿಸಿ ಯತಿಯನ್ನು ಮೀರಿದರೆಂದೂ ಅದು ಹೇಳುತ್ತದೆ.

ಉತ್ಪಲಮಾಲೆ, ಚಂಪಕಮಾಲೆ ಮೊದಲಾದ ಅಕ್ಷರವೃತ್ತಗಳು ಸಂಸ್ಕೃತದಿಂದ ಬಂದವು. ಸಂಸ್ಕೃತದಲ್ಲಿ ಅವುಗಳಿಗೆ ಆದಿಪ್ರಾಸದ ಕಟ್ಟುಪಾಡಿಲ್ಲ. ಪಂಪ, ರನ್ನ ಮೊದಲಾದ ಚಂಪೂಕವಿಗಳು ಅವನ್ನು ಕನ್ನಡದಲ್ಲಿ ಬಳಸುವಾಗ ನಾಲ್ಕು ಸಾಲುಗಳಿಗೂ ಪ್ರಾಸವನ್ನು ಸೇರಿಸಿದರು. ಷಟ್ಪದಿಯಲ್ಲಿ ಆರು ಸಾಲುಗಳಿಗೂ ಒಂದೇ ಪ್ರಾಸ ಬೇಕು. ಕುಮಾರವ್ಯಾಸನ ಭಾರತದಂತಹ ದೀರ್ಘಕಾವ್ಯದಲ್ಲಿ ಇದನ್ನು ಸಾವಿರಾರು ಪದ್ಯಗಳ ಉದ್ದಕ್ಕೂ ಪಾಲಿಸಲಾಗಿದೆ. ವಚನಗಳು ಮಾತ್ರ ಮೊದಲಿನಿಂದಲೂ ಈ ಕಟ್ಟುಪಾಡಿಗೆ ಒಳಪಡಲಿಲ್ಲ.

ಲುಪ್ತವಾದ ಅಕ್ಷರಗಳಿಗೆ ಸಾಕ್ಷಿ

ಹಳಗನ್ನಡದಲ್ಲಿ ‘ಱ’ (ಶಕಟರೇಫ) ಮತ್ತು ‘ೞ’ (ರಳ) ಎಂಬ ಎರಡು ಅಕ್ಷರಗಳಿದ್ದವು. ಕಾಲಕ್ರಮದಲ್ಲಿ ಇವು ರ ಮತ್ತು ಳ ಅಕ್ಷರಗಳಲ್ಲಿ ಲೀನವಾದವು. ತಾಳೆಗರಿಯ ಪ್ರತಿಗಳನ್ನು ನಕಲು ಮಾಡಿದವರು ಹಳೆಯ ಅಕ್ಷರದ ಬದಲಿಗೆ ಹೊಸದನ್ನು ಬರೆದಿರುವ ಸಾಧ್ಯತೆಯಿದೆ. ಇಂಥ ಕಡೆ ಪ್ರಾಸವು ಪಾಠನಿರ್ಣಯಕ್ಕೆ ನೆರವಾಗುತ್ತದೆ. ಪ್ರಾಚೀನ ಕವಿಗಳು ಱಕಾರಕ್ಕೆ ಱಕಾರವನ್ನೂ ೞಕಾರಕ್ಕೆ ೞಕಾರವನ್ನೂ ಹೊಂದಿಸುತ್ತಿದ್ದುದರಿಂದ, ಒಂದು ಸಾಲಿನ ಅಕ್ಷರ ಖಚಿತವಾದರೆ ಉಳಿದ ಸಾಲುಗಳ ಪದಗಳಲ್ಲಿ ಯಾವ ಅಕ್ಷರವಿತ್ತೆಂದು ಊಹಿಸಬಹುದು. ಕೇಶಿರಾಜನ ‘ಶಬ್ದಮಣಿದರ್ಪಣ’ (ಸು. 1260) ಈ ಅಕ್ಷರಗಳ ಪ್ರಯೋಗವನ್ನು ವಿವರವಾಗಿ ಚರ್ಚಿಸಿದೆ.

ಇಂದು ಒಂದೇ ರೀತಿ ಬರೆಯಲಾಗುವ ಕೆಲವು ಪದಗಳು ಹಿಂದೆ ಬೇರೆಯಾಗಿದ್ದವು:

• ಅರಿ (ಕತ್ತರಿಸು, ಶತ್ರು) – ಅಱಿ (ತಿಳಿ)
• ಕರೆ (ಕೂಗು) – ಕಱೆ (ಹಾಲು ಹಿಂಡು)
• ತೆರೆ (ಅಲೆ) – ತೆಱೆ (ಬಾಗಿಲು ತೆಗೆ)
• ಎಳೆ (ಎಳೆಯದು) – ಎೞೆ (ನೂಲು)

‘ಮಳೆ–ಬೆಳೆ’ ಎಂಬ ಜೋಡಿ ಇಂದಿನ ಕಿವಿಗೆ ಸಹಜವಾದ ಪ್ರಾಸ. ಹಳಗನ್ನಡದಲ್ಲಿ ಮೊದಲನೆಯದು ‘ಮೞೆ’, ಎರಡನೆಯದು ‘ಬೆಳೆ’ ಆಗಿದ್ದುದರಿಂದ ಅಂದಿನ ಕಟ್ಟುನಿಟ್ಟಿನ ಲೆಕ್ಕದಲ್ಲಿ ಅವು ಪ್ರಾಸಕ್ಕೆ ಹೊಂದುತ್ತಿರಲಿಲ್ಲ.

ಪ್ರಾಸತ್ಯಾಗ

ಇಂದಿನ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕವಿ ಎಂ. ಗೋವಿಂದ ಪೈ (1883–1963) 1911ರಲ್ಲಿ ಆದಿಪ್ರಾಸವನ್ನು ಕೈಬಿಟ್ಟು ಕವಿತೆ ಬರೆಯಲು ಆರಂಭಿಸಿದರು. ಪ್ರಾಸಕ್ಕಾಗಿ ಪದವನ್ನು ಹುಡುಕುವಾಗ ಭಾವ ಹಿಂದೆ ಬೀಳುತ್ತದೆ ಎಂಬುದು ಪ್ರಾಸವನ್ನು ಬಿಟ್ಟವರ ಮುಖ್ಯ ಆಕ್ಷೇಪ. ಪ್ರಾಸವಿಲ್ಲದ ಪದ್ಯ ಗದ್ಯವಾಗುತ್ತದೆ, ಪದ್ಯ ನೆನಪಿನಲ್ಲಿ ಉಳಿಯುವುದಕ್ಕೆ ಪ್ರಾಸವೇ ಆಸರೆ ಎಂಬುದು ಅದನ್ನು ಉಳಿಸಿಕೊಳ್ಳಬೇಕೆಂದವರ ವಾದ. ಗೋವಿಂದ ಪೈಯವರ ‘ಗಿಳಿವಿಂಡು’ 1930ರಲ್ಲಿ ಪ್ರಕಟವಾಯಿತು. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೊಸ ಲಯಗಳನ್ನು ತಂದಿತು. ಪ್ರಾಸರಹಿತವಾದ ಸರಳ ರಗಳೆ ಬಳಕೆಗೆ ಬಂದಿತು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ (1949) ಮಹಾಕಾವ್ಯವು ಆದಿಪ್ರಾಸವಿಲ್ಲದ ಮಹಾಛಂದಸ್ಸಿನಲ್ಲಿದೆ.

ಪ್ರಾಸವು ಸಂಪೂರ್ಣವಾಗಿ ಮರೆಯಾಗಲಿಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿ ನೆಲೆಸಿದ್ದ ಡಿ. ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ (1943) ನಾಲ್ಕು ಸಾಲುಗಳ ಪದ್ಯಗಳಲ್ಲಿ ಆದಿಪ್ರಾಸವನ್ನು ಪಾಲಿಸುತ್ತದೆ. ಅವಧಾನ ಕಲೆಯಲ್ಲಿಯೂ ಅದು ಜೀವಂತವಾಗಿದೆ. ಅಲ್ಲಿ ಅವಧಾನಿಯು ಪೃಚ್ಛಕರು ಒಡ್ಡುವ ನಿರ್ಬಂಧಗಳ ನಡುವೆ ಸ್ಥಳದಲ್ಲಿಯೇ ಪದ್ಯ ರಚಿಸಬೇಕು. ಶತಾವಧಾನಿ ಆರ್. ಗಣೇಶ್ ಅವರು 2012ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕನ್ನಡ ಶತಾವಧಾನವನ್ನು ನಡೆಸಿಕೊಟ್ಟರು.

ಇತರ ಭಾಷೆಗಳಲ್ಲಿ

ತೆಲುಗಿನ ವೃತ್ತ ಮತ್ತು ಕಂದಗಳಲ್ಲಿ ಯತಿಯ ಜೊತೆಗೆ ಎರಡನೆಯ ಅಕ್ಷರದ ಪ್ರಾಸವೂ ಕಡ್ಡಾಯ. ತಮಿಳಿನಲ್ಲಿ ಇದಕ್ಕೆ ‘ಎದುಗೈ’ ಎಂದು ಹೆಸರು. ಮೊದಲ ಅಕ್ಷರದ ಸಾಮ್ಯಕ್ಕೆ ‘ಮೋನೈ’ ಎನ್ನುತ್ತಾರೆ. ಮಲಯಾಳದಲ್ಲಿ ಈ ಪ್ರಾಸ ಬೇಕೇ ಬೇಡವೇ ಎಂಬ ಬಗ್ಗೆ ದೀರ್ಘ ವಾಗ್ವಾದ ನಡೆಯಿತು. ಕೇರಳವರ್ಮ ವಲಿಯ ಕೋಯಿತ್ತಂಪುರಾನ್ ಪ್ರಾಸದ ಪರವಾಗಿದ್ದರೆ, ಅವರ ಸೋದರಳಿಯ ಎ. ಆರ್. ರಾಜರಾಜವರ್ಮ ಅದನ್ನು ವಿರೋಧಿಸಿದರು. ಇಂಗ್ಲಿಷಿನಲ್ಲಿ ಪ್ರಾಸವೆಂದರೆ ಪ್ರಧಾನವಾಗಿ ಸಾಲಿನ ಕೊನೆಯ ಧ್ವನಿಸಾಮ್ಯ.

ದೈನಂದಿನ ಭಾಷೆಯಲ್ಲಿ

ಕಾವ್ಯದಲ್ಲಿ ನಿಯಮ ಸಡಿಲವಾದರೂ ಆಡುಮಾತಿನ ಜೋಡುನುಡಿಗಳಲ್ಲಿ ಎರಡನೆಯ ಅಕ್ಷರದ ಸಾಮ್ಯ ಹೇರಳವಾಗಿದೆ. ನಡೆನುಡಿ (ಸಿಂಹ), ಏಳುಬೀಳು (ಗಜ), ಹಿಂದುಮುಂದು (ವೃಷಭ), ಅಕ್ಕಪಕ್ಕ ಮತ್ತು ಸುತ್ತಮುತ್ತ (ಹಯ) ಇದಕ್ಕೆ ಉದಾಹರಣೆಗಳು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಲ್ಲಿ ‘ಕೆಸರು’ ಮತ್ತು ‘ಮೊಸರು’ ಸಕಾರದಿಂದ ಹೊಂದಿಕೊಂಡಿವೆ.

ಇವನ್ನೂ ನೋಡಿ

• ಕನ್ನಡ ಛಂದಸ್ಸು
• ಷಟ್ಪದಿ
• ಛಂದೋಂಬುಧಿ
• ಮಂಜೇಶ್ವರ ಗೋವಿಂದ ಪೈ
• ಅವಧಾನ